ಹಾಲಪ್ಪ ಹಾಕಿದ ಗಂಟು

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಹಿಮದ ಬೆಟ್ಟದ ನೆತ್ತಿಯಲ್ಲಿ ಒಂದು ಊರಿತ್ತಂತೆ. ಚಳಿಗಾಲದಲ್ಲಿ ಅಲ್ಲಿ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವಷ್ಟು ಹಿಮ. ಅದಕ್ಕೇ ಜನ ಪಾದಕ್ಕೆ ಉದ್ದುದ್ದ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜುಯ್ಯಂತ ಜಾರುತ್ತಿದ್ದರಂತೆ. ಹಲಗೆ ಕಳಚಬಾರದು ಅಂತ ಚರ್ಮದ ಬಾರಿನಿಂದ ಕಗ್ಗಂಟು ಬಿಗಿಯೋದು. ಬಿದ್ದರೆ ಹಲಗೆ ಹಿಮದಲ್ಲಿ ಸಿಕ್ಕಿಕೊಳ್ಳೋದು, ಮೈ ಒಂದು ಕಡೆ, ಕಾಲು ಒಂದು ಕಡೆ, ಲಟಕ್ ಅಂತ ಮುರಿಯೋದು. ಆ ಊರಲ್ಲಿ ಕುಂಟದವರೇ ಕಡಿಮೆ ಅಂತಾರೆ.

ಅಲ್ಲಿಗೆ ನಮ್ಮ ಸೀಮೆಯ ಹಾಲಪ್ಪ ಹೋಗಿ ಸೇರಿಕೊಂಡ. ಎತ್ತಿಗೆ ಮೂಗುದಾರ, ಕೊರಳಹಗ್ಗ ಹೊಸೆಯುತ್ತಿದ್ದ ಮನುಷ್ಯ. ಯಾತ್ರೆಗೆ ಹೋದವನು ಹಿಮ ಬಿದ್ದು ಅಲ್ಲೇ ಉಳಿದನಂತೆ. ಹಿಮಕ್ಕಲ್ಲ ಉಳಿದಿದ್ದು, ದೇಚಿನ್ ಅನ್ನೋ ಸೂಲಗಿತ್ತಿಗೆ ಅಂತ ನಗುವವರೂ ಇದ್ದಾರೆ. ಅವಳನ್ನೇ ಮದುವೆಯಾದ. ಒಂದು ಚಳಿಗಾಲ ಅವಳು ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಕೂಡಿಸಿದವರು, ಇನ್ನೊಮ್ಮೆ ಮುರಿದರೆ ಈ ಕಾಲು ಇಲ್ಲ ಅಂತಲೇ ತಿಳಿ ಅಂದರಂತೆ. ಅವಳೋ, ಕೆಳಗಿನ ಊರಿನ ಹೆರಿಗೆಗಳಿಗೆ ಹೋಗದೆ ಇರೋಳಲ್ಲ. ಹಾಲಪ್ಪನ ಜೀವ ಬಾಯಿಗೆ ಬಂತು.

ಆಗ ಅವನಿಗೆ ತನ್ನ ಹುಟ್ಟೂರಿನ ಕೊಟ್ಟಿಗೆ ನೆನಪಾಯಿತಂತೆ. ಬೆಂಕಿ ಬಿದ್ದರೆ ದನ ಸುಡದಿರಲಿ ಅಂತ ಅಲ್ಲಿ ಬೇರೆ ಥರದ ಗಂಟು ಹಾಕ್ತಾರೆ, ತುದಿ ಎಳೆದರೆ ಸರಕ್ಕನೆ ಬಿಚ್ಚುತ್ತೆ. ಅದನ್ನೇ ಬಾರಿಗೆ ಹಾಕಿ, ಗಂಟಿನ ತುದಿಯನ್ನು ಹಲಗೆಗೆ ಸಿಕ್ಕಿಸಿದ. ಪಾದ ನೆಟ್ಟಗಿದ್ದರೆ ಗಂಟು ಭದ್ರ. ಪಾದ ತಿರುಚಿತೋ, ತುದಿ ಎಳೆದು ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಳ್ಳೋದೂ ಒಂದು ಗಂಟಾ ಅಂತ ಜನ ಬಿದ್ದುಬಿದ್ದು ನಕ್ಕರು. ಅವನು ಬೇಕಂತಲೇ ಬಿದ್ದ, ಎದ್ದ, ಮತ್ತೆ ಬಿದ್ದ. ಮೂತಿಗೆ ಮೆತ್ತಿದ ಹಿಮ ಒರೆಸಿಕೊಳ್ಳುವ ಮೊದಲು ಗಂಟು ನೋಡುತ್ತಿದ್ದನಂತೆ, ಪುಣ್ಯಾತ್ಮ.

ಹೊಸ ಹಿಮ ಬಿದ್ದ ಒಂದು ಬೆಳಿಗ್ಗೆ ಕೆಳಗಿನ ಊರಿನವರು ಹೊಗೆ ಎಬ್ಬಿಸಿದರು. ಸೂಲಗಿತ್ತಿಯನ್ನು ಕರೆಯುವ ಗುರುತು ಅದು. ಹಾಲಪ್ಪನೇ ಅವಳ ಕಾಲಿಗೆ ಬಾರು ಕಟ್ಟಿದ. ಅವಳು ಗಂಡನ ಭಾಷೆಯಲ್ಲೇ ಕೇಳಿದಳು.

"ಬಿಡ್ತದಾ?"

"ಬಿಡ್ತದೆ," ಅಂದ.

ಅರ್ಧ ಇಳಿಜಾರಿನಲ್ಲಿ ಹಲಗೆ ಬಂಡೆಗೆ ತಗುಲಿ ಅವಳು ಉರುಳಿದಳು. ಮೇಲೆ ನಿಂತಿದ್ದ ಹಾಲಪ್ಪ ಇಳಿಜಾರಿನ ಅಂಚಿಗೆ ಓಡಿದ. ಎದ್ದ ಹಿಮದ ಪುಡಿ ಇಳಿದ ಮೇಲೆ ನೋಡ್ತಾನೆ, ಹಲಗೆಗಳು ಎಲ್ಲೋ ಬಿದ್ದಿವೆ, ದೇಚಿನ್ ಎದ್ದು ನಿಂತಿದ್ದಾಳೆ, ಎರಡೂ ಕಾಲ ಮೇಲೆ! ಅವಳು ಹಲಗೆ ಹುಡುಕಿ, ಅದೇ ಗಂಟು ಹಾಕಿಕೊಂಡು ಇಳಿದೇ ಹೋದಳು. ಸಂಜೆಗೆ ಕೂಸು ಅತ್ತಿದ್ದು ಬೆಟ್ಟದ ಮೇಲಕ್ಕೂ ಕೇಳಿಸಿತು ಅಂತಾರೆ. ನಂಬದವರು ಎದ್ದು ಹೋಗಬಹುದು.

ಈಗಲೂ ಆ ಊರಲ್ಲಿ ಹಿಮಕ್ಕಿಳಿಯುವ ಮುಂಚೆ ಪಾದ ತಿರುಚಿ ನೋಡ್ತಾರೆ. ಗಂಟು ಬಿಚ್ಚದಿದ್ದರೆ ಮನೆಯವರು ಹೊಸ್ತಿಲು ದಾಟೋಕೆ ಬಿಡೋದಿಲ್ಲ. ಬಿಚ್ಚಿದರೆ ಮತ್ತೆ ಕಟ್ಟಿ, ಒಬ್ಬರು "ಬಿಡ್ತದಾ" ಅಂತಾರೆ, ಇನ್ನೊಬ್ಬರು "ಬಿಡ್ತದೆ" ಅಂತಾರೆ. ಅದು ಯಾವ ದೇಶದ ಮಾತು ಅಂತ ಅವರಿಗೆ ಗೊತ್ತಿಲ್ಲ. ಹಾಲಪ್ಪನ ಮಾತು ಅಂತ ಗೊತ್ತು.