ಅಯಾನು ಗಾಳಿಗೂ ಟೀಗೂ ಒಂದೇ ಪ್ಲಗ್ಗು

ಸೊಸೈಟಿ ಆಫೀಸಲ್ಲಿ ಚೆಲುವಯ್ಯ ಅಂತ ಒಬ್ಬ ಅಟೆಂಡರ್ ಇದ್ದ. ಟೀ ಇಲ್ದಿದ್ರೆ ಅವನ ಕೈಕಾಲೇ ಆಡ್ತಿರ್ಲಿಲ್ಲ. ಒಂದಿನ ಮ್ಯಾನೇಜರ್ ನಂಜರಾಜ್ ಸಾಹೇಬ್ರು ಅಯಾನು ಬಿಡೋ ಮಿಷನ್ ತಂದಿಟ್ರು.

"ಇದು ಗಾಳಿಗೇ ಕರೆಂಟ್ ತುಂಬುತ್ತೆ ಕಣಯ್ಯ. ಉಸಿರಾಡಿದ್ರೆ ಸಾಕು, ಸುಸ್ತೇ ಇರಲ್ಲ. ನಾಳೆಯಿಂದ ಟೀ ಬಂದ್."

ಮಾರನೇ ದಿನ ಸಾಹೇಬ್ರು ಮಿಷನ್ ಮುಂದೆ ಕೂತು ಉದ್ದಕ್ಕೆ ಉಸಿರೆಳೆದ್ರು. "ಆಹಾ, ತಲೆನೋವೇ ಹೋಯ್ತು. ನಿಂಗೆ?"

"ನನ್ನ ಮಂಡಿನೋವೂ ಹೋಯ್ತು ಸಾರ್. ಆದ್ರೆ ಇಲ್ಲಿರೋದು ಒಂದೇ ಪ್ಲಗ್ಗು. ಅದ್ರಲ್ಲಿ ಬೆಳಿಗ್ಗೆಯಿಂದ ಟೀ ಕೆಟಲ್ ಇದೆ."

ಸಾಹೇಬ್ರು ನೇತಾಡ್ತಿದ್ದ ಮಿಷನ್ ವೈರ್ ನೋಡಿದ್ರು, ಕೆಟಲ್ ನೋಡಿದ್ರು. ಆಮೇಲೆ ಮೆಲ್ಲಗೆ, "ನಂಗೆ ಸಕ್ಕರೆ ಕಮ್ಮಿ" ಅಂದ್ರು.

ಟೀ ತರೋಕೆ ಎದ್ದ ಚೆಲುವಯ್ಯನಿಗೆ ಮಂಡಿ ಮತ್ತೆ ಹಿಡ್ಕೊಳ್ತು. ಮಿಷನ್ ಪ್ಲಗ್ ಕಿತ್ತಿದ್ದು ಅವನೇ. ಆದ್ರೂ ಬೆಳಿಗ್ಗೆಯಿಂದ ಅವನಿಗೆ ನಿಜವಾಗ್ಲೂ ನೋವಿರ್ಲಿಲ್ಲ.