ಬಸವಂತ ನಾಯಕನ ಬೆನ್ನು

"ನನ್ನ ಬೆನ್ನು ನೋಡಿದ ಶತ್ರು ಇನ್ನೂ ಹುಟ್ಟಿಲ್ಲ! ನಾಳೆ ಹೊತ್ತು ಮುಳುಗುವುದರೊಳಗೆ ನಿಮ್ಮಲ್ಲೊಬ್ಬ ಬಂದು ನನ್ನ ಬೆನ್ನು ನೋಡಲಿ, ಪಾಳೆಯ ಕಿತ್ತು ಊರಿಗೆ ಹೋಗುತ್ತೇನೆ. ಆಗದಿದ್ದರೆ ಕೋಟೆ ನನ್ನದು!"

ಮುತ್ತಿಗೆ ಹಾಕಿ ಕೂತಿದ್ದ ಮಾಗಡೇರಿಯ ಬಸವಂತ ನಾಯಕ ತನ್ನ ದಂಡಿನ ನಡುವೆ ನಿಂತು, ಕೋಟೆಯ ಕಡೆ ತಿರುಗಿ ಹೀಗೆ ಗುಡುಗಿದ. ಅವನ ದೂತ ಅದನ್ನೇ ಬಿಳಿಗಲ್ಲು ದುರ್ಗದ ಆಸ್ಥಾನಕ್ಕೆ ಬಂದು ಇನ್ನಷ್ಟು ಜೋರಾಗಿ ಒದರಿದ.

ದೊರೆ ತಿಪ್ಪಣ್ಣ ನಾಯಕ ಸುತ್ತ ನೋಡಿದ. ಹಳೆಯ ದಳವಾಯಿ ತೀರಿಕೊಂಡ ಮೇಲೆ ಆ ಪದವಿಗೆ ಕಣ್ಣಿಟ್ಟಿದ್ದ ಸರದಾರರೆಲ್ಲ ಸಾಲಾಗಿ ಕೂತಿದ್ದರು.

"ಯಾರು ಹೋಗುತ್ತೀರಿ?"

ಒಬ್ಬರಿಗೆ ಮೊಣಕಾಲು ನೋವು ನೆನಪಾಯಿತು. ಇನ್ನೊಬ್ಬರಿಗೆ ಮಾವನ ಮನೆಯಲ್ಲಿ ಸೂತಕ. ಎಲ್ಲರಿಗಿಂತ ದೊಡ್ಡ ಮೀಸೆಯ ವಿರೂಪರಾಜ, "ಕುದುರೆಗೆ ನೀರು ತೋರಿಸಿ ಬರುತ್ತೇನೆ" ಎಂದು ಎದ್ದು ಹಿತ್ತಿಲ ಬಾಗಿಲಿನಿಂದ ಹೋದವನು ತಿರುಗಿ ಬರಲೇ ಇಲ್ಲ.

"ನಾನು ಹೋಗಲಾ ಬುದ್ಧಿ?" ಎಂಬ ದನಿ ಬಾಗಿಲ ಕಡೆಯಿಂದ ಬಂತು.

ಅವನು ಭರಮಣ್ಣ, ಕೋಟೆ ಬಾಗಿಲ ಕಾವಲಿನ ನಾಯಕ. ತೊಂಡಿಗೆರೆ ಎಂಬ ಸಣ್ಣ ಪೇಟೆಯವನು. ದಂಡಿಗೆ ಸೇರಲು ಬಂದಾಗ, "ಕತ್ತಿ ಹಿಡಿಯಲು ಬರುತ್ತದೇನೋ?" ಎಂದು ಕೇಳಿದ್ದಕ್ಕೆ, "ಎದುರಿಗಿದ್ದವನಿಗೆ ಬರದಿದ್ದರೆ ನನಗೆ ಚೆನ್ನಾಗಿ ಬರುತ್ತದೆ" ಎಂದಿದ್ದ. ನಕ್ಕು ನಕ್ಕು ಅವನನ್ನು ಕುದುರೆಗಳಿಗೆ ಹುಲ್ಲು ಹಾಕಲು ಇಟ್ಟುಕೊಂಡಿದ್ದರು. ಹುಲ್ಲು ಹಾಕುತ್ತಾ ಸವಾರಿ ಕಲಿತ, ಸವಾರರ ಜೊತೆ ಕತ್ತಿವರಸೆ ಕಲಿತ, ನಾಲಗೆಯನ್ನಂತೂ ಹುಟ್ಟುವಾಗಲೇ ಸಾಣೆ ಹಿಡಿಸಿಕೊಂಡು ಬಂದಿದ್ದ.

"ಎಷ್ಟು ಜನ ಬೇಕು?" ದೊರೆ ಕೇಳಿದ.

"ಜನ ಬೇಡ ಬುದ್ಧಿ. ಒಂದು ಬೆಳ್ಳಿ ತಟ್ಟೆ, ಒಂದು ಪಟ್ಟೆ ವಸ್ತ್ರ, ಹಳೇ ಕುದುರೆಲಾಯದ ಬೀಗದ ಕೈ. ಇಷ್ಟು ಸಾಕು."

ಮಾರನೆಯ ದಿನ ಇಳಿಹೊತ್ತಿಗೆ ಭರಮಣ್ಣ ಒಬ್ಬನೇ ಶತ್ರುವಿನ ಪಾಳೆಯಕ್ಕೆ ನಡೆದ. ಮುಖದಲ್ಲಿ ನಗುವಿತ್ತು, ಕೈಯಲ್ಲಿ ವಸ್ತ್ರ ಮುಚ್ಚಿದ ಬೆಳ್ಳಿ ತಟ್ಟೆ.

ಬಸವಂತ ನಾಯಕನೇನು ದಡ್ಡನಲ್ಲ. ದೊಡ್ಡ ಬಂಡೆಯೊಂದಕ್ಕೆ ಬೆನ್ನು ಆನಿಸಿ, ತೊಡೆಯ ಮೇಲೆ ಕತ್ತಿ ಇಟ್ಟುಕೊಂಡು ಬೆಳಗಿನಿಂದ ಅಲ್ಲೇ ಕೂತಿದ್ದ. ಊಟ ಕೂಡ ಅಲ್ಲೇ ಆಗಿತ್ತು. ಪಕ್ಕದಲ್ಲಿ ಅವನ ಮುದಿ ಸೋದರಮಾವ ಹನುಮಪ್ಪ ನಾಯಕ ತೂಕಡಿಸುತ್ತಿದ್ದ. ಬಂಡೆಯ ಆಚೆಗೆ, ಇಳಿಜಾರಿನ ಉದ್ದಕ್ಕೂ ಸೈನ್ಯ ಕಾದು ನಿಂತಿತ್ತು.

"ಏನೋ, ಬೆನ್ನು ನೋಡಲು ಬಂದೆಯಾ?"

"ಬಂದೆ ದೊರೆ. ಆದರೆ ಏನು ಮಾಡಲಿ? ನೀವು ಸಿಂಹ, ಬೆನ್ನಿಗೆ ಬಂಡೆ. ನನ್ನಂಥವನ ಕೈಲಿ ಆಗುವ ಕೆಲಸವಾ ಇದು?" ಎಂದು ಭರಮಣ್ಣ ಮಂಡಿಯೂರಿ, ತಟ್ಟೆಯ ಮೇಲಿನ ವಸ್ತ್ರ ಸರಿಸಿದ. ಗೇಣುದ್ದದ ಬೀಗದ ಕೈ ಬಿಸಿಲಿಗೆ ಮಿಂಚಿತು.

ಬಸವಂತನ ಕಣ್ಣರಳಿತು. "ಅಷ್ಟು ಬೇಗ ಸೋತಿರಾ!" ಎಂದು ಬೀಗದ ಕೈಯನ್ನು ಬಾಚಿಕೊಂಡ.

ಆಚೆಯಿಂದ ಸೈನಿಕರು ಕೂಗಿದರು: "ಏನಾಯ್ತು? ಏನಾಯ್ತು?"

"ಪಾಪ, ಅವರಿಗೇನೂ ಕಾಣುತ್ತಿಲ್ಲ," ಎಂದ ಭರಮಣ್ಣ ಮೆಲ್ಲಗೆ. "ಇಂಥ ಗಳಿಗೆ ಮತ್ತೆ ಬರುತ್ತದೆಯೇ?"

ಬಸವಂತ ಒಂದೇ ನೆಗೆತಕ್ಕೆ ಬಂಡೆ ಹತ್ತಿದ. ಸೈನ್ಯದತ್ತ ತಿರುಗಿ, ಬೀಗದ ಕೈ ಎತ್ತಿ ಹಿಡಿದು, "ಕೋಟೆ ನಮ್ಮದಾಯಿತು!" ಎಂದು ಕೂಗಿದ. ಜಯಕಾರ ಮುಗಿಲು ಮುಟ್ಟಿತು.

"ದೊರೆ, ಹಾಗೇ ನಿಂತಿರಿ, ತಿರುಗಬೇಡಿ," ಭರಮಣ್ಣ ಕೆಳಗಿನಿಂದ ಕೂಗಿದ. "ಬಹಳ ಚೆನ್ನಾಗಿ ಕಾಣುತ್ತಿದೆ!"

"ಏನೋ ಅದು?"

"ನಿಮ್ಮ ಬೆನ್ನು!"

ಬಸವಂತ ಗರ್ರನೆ ತಿರುಗಿದ. ಮುಖ ಕೆಂಡವಾಯಿತು. "ಮೋಸ! ಬೀಗದ ಕೈ ನನ್ನ ಹತ್ತಿರ ಇದೆ. ಕೋಟೆ ನನ್ನದೇ!"

"ನಮ್ಮ ಕೋಟೆ ಬಾಗಿಲಿಗೆ ಬೀಗವೆಲ್ಲಿದೆ ದೊರೆ? ಒಳಗಿನಿಂದ ಅಗುಳಿ ಹಾಕುತ್ತೇವೆ. ಅದು ಹಳೇ ಲಾಯದ ಬೀಗದ ಕೈ. ಲಾಯದಲ್ಲಿ ಈಗ ಕುದುರೆಯೂ ಇಲ್ಲ, ಬರೀ ಲದ್ದಿ. ಬೇಕಾದರೆ ತೆಗೆದುಕೊಂಡು ಹೋಗಿ."

ಬಸವಂತ ಬಂಡೆಯಿಂದ ಕೆಳಗೆ ಜಿಗಿದು ಕತ್ತಿ ಎತ್ತಿದ. ಭರಮಣ್ಣ ಕಣ್ಣು ಮುಚ್ಚಿಕೊಂಡ. ಕತ್ತಿ ಬೀಳಲಿಲ್ಲ. ಕಣ್ಣು ತೆರೆದರೆ, ಮುದುಕ ಹನುಮಪ್ಪ ಅಳಿಯನ ರಟ್ಟೆ ಹಿಡಿದು ನಿಂತಿದ್ದ. ತೂಕಡಿಕೆ ಹಾರಿಹೋಗಿತ್ತು.

"ಮಾತು ಅಂದರೆ ಮಾತು ಕಣಯ್ಯ. ದಂಡೆಲ್ಲ ಕೇಳಿದೆ. ನೀನೀಗ ಇವನನ್ನು ಕಡಿದರೆ ನಾಳೆ ನಿನ್ನ ಮಾತು ಯಾರು ನಂಬುತ್ತಾರೆ? ನಡಿ, ಊರಲ್ಲಿ ಬಿತ್ತನೆ ಕಾದಿದೆ."

ಬಿತ್ತನೆ ಎಂದದ್ದೇ ತಡ, ಸೈನಿಕರು ಅಪ್ಪಣೆಗೂ ಕಾಯದೆ ಡೇರೆ ಬಿಚ್ಚತೊಡಗಿದರು.

ದುರ್ಗದಲ್ಲಿ ದೊರೆ ಅಂದೇ ಭರಮಣ್ಣನನ್ನು ದಳವಾಯಿ ಮಾಡುವುದಾಗಿ ಸಾರಿದ. ಶತ್ರು ಹೋದ ಸುದ್ದಿ ಕೇಳಿ ಎಲ್ಲಿಂದಲೋ ಪ್ರತ್ಯಕ್ಷನಾಗಿದ್ದ ವಿರೂಪರಾಜನಿಗೆ ಇದು ತಡೆಯಲಾಗಲಿಲ್ಲ.

"ದೊರೆ, ಇವನ ಊರು ನೋಡಿದ್ದೀರಾ? ತೊಂಡಿಗೆರೆ! ಇರುವುದೇ ಒಂದು ಬೀದಿ. ಅಂಥ ಊರಿನವನು ನಮ್ಮ ದಳವಾಯಿಯೇ?"

ಸಭೆ ಭರಮಣ್ಣನತ್ತ ನೋಡಿತು. ಅವನು ಕೈಮುಗಿದ.

"ನಿಜ ಬುದ್ಧಿ. ನಮ್ಮೂರಿಗೆ ಇರುವುದೊಂದೇ ಬೀದಿ. ಅದಕ್ಕೇ ನಮಗೆ ಹಿತ್ತಿಲ ದಾರಿಯಲ್ಲಿ ಜಾರಿಕೊಳ್ಳುವ ಅಭ್ಯಾಸವೇ ಆಗಲಿಲ್ಲ."

ದೊರೆ ನಕ್ಕ ರಭಸಕ್ಕೆ ಕಿರೀಟ ಓರೆಯಾಯಿತು. ಅದನ್ನು ಸರಿಮಾಡಿಕೊಳ್ಳುವುದನ್ನೂ ಮರೆತು, ತನ್ನ ಸೊಂಟದ ಕತ್ತಿಯನ್ನೇ ಬಿಚ್ಚಿ ಹೊಸ ದಳವಾಯಿಯ ಕೈಗಿಟ್ಟ.