ತಂಗಿಗಾಗಿ ಕೊಟ್ಟ ದನಿ

ದೋಣಿ ಕಟ್ಟುವ ಚಪ್ಪರದಲ್ಲಿ ಹೆಬ್ಬಲಸಿನ ಎರಡು ಹಲಗೆಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅಕ್ಕ ಎರಡು ಬೇಸಿಗೆ ಒಣಗಿದವಳು. ತಂಗಿ ಮೊನ್ನೆ ಕೊಯ್ದವಳು, ಮೈಯೆಲ್ಲ ಹಸಿ.

ಅಂದು ಒಂದು ಫೈಬರ್ ದೋಣಿಯ ಕೊಳೆತ ಹಿಂಬದಿ ಕಿತ್ತು, ಇಂಜಿನ್ನಿನ ಭಾರ ಹೊರಲು ಒಳಗೆ ಹೊಸ ಹಲಗೆ ಕೂರಿಸಬೇಕಿತ್ತು. ಆಚಾರಿ ಸುತ್ತಿಗೆ ಹಿಡಿದು ಬಂದ. ತಟ್ಟಿದರೆ ಒಣಮರ ಠಣ್ ಎನ್ನುತ್ತದೆ, ಹಸಿಮರ ದೊಪ್ಪೆನ್ನುತ್ತದೆ.

"ಅಕ್ಕಾ, ಹಸಿ ಅಂತ ಆರಿಸದೆ ಬಿಟ್ಟರೆ ನನ್ನನ್ನು ಒಲೆಗೆ ಹಾಕ್ತಾರೆ," ಎಂದು ತಂಗಿ ಅತ್ತಳು.

ಅಕ್ಕ ಅವಳಿಗೆ ಇನ್ನಷ್ಟು ಒರಗಿದಳು. "ಅಳಬೇಡ ಮಾರಾಯ್ತಿ. ನಿನ್ನನ್ನು ತಟ್ಟಿದಾಗ ನಾನು ದನಿ ಕೊಡ್ತೇನೆ."

ಸುತ್ತಿಗೆ ತಂಗಿಯ ಮೇಲೆ ಬಿತ್ತು. ಠಣ್ ಎಂದಳು ಅಕ್ಕ. "ಅಗಲವೂ ಉಂಟು, ಒಣಗಿಯೂ ಉಂಟು," ಎಂದ ಆಚಾರಿ ತಂಗಿಯನ್ನೇ ಒಯ್ದು ಕೂರಿಸಿ, ಮೇಲೆ ಫೈಬರ್ ಹೊದಿಸಿಬಿಟ್ಟ. ತಂಗಿಯ ಮೈಯೊಳಗಿನ ನೀರಿಗೆ ಹೊರಬರುವ ದಾರಿಯೇ ಮುಚ್ಚಿತು.

ಮರುವರ್ಷ ಆ ದೋಣಿಯನ್ನು ಎಳೆದು ತಂದರು. ಹಿಂಬದಿ ಇಂಜಿನ್ ಸಮೇತ ಕಿತ್ತು ಕಡಲುಪಾಲಾಗಿತ್ತು.

"ನನ್ನ ತಂಗಿ ಎಲ್ಲಿ?" ಎಂದಳು ಅಕ್ಕ.

"ಒಳಗೊಳಗೇ ಕೊಳೆತು ಹಿಟ್ಟಾದಳು," ಎಂದಿತು ದೋಣಿ. "ಆದರೂ ಮುಳುಗುವವರೆಗೆ ಅವಳದ್ದು ಒಂದೇ ಮಾತು: ಅಕ್ಕನ ದಯದಿಂದ ಕಡಲು ಕಂಡೆ, ಅವಳ ಹೊಟ್ಟೆ ತಣ್ಣಗಿರಲಿ."